ಒಂದೇ ಪಾಲಿಹೌಸ್, ಮೂರು ಕೂಲಿ: ಮೇಸ್ತ್ರಿಯ ಪುಸ್ತಕ ಏನು ಹೇಳುತ್ತದೆ?

ಪ್ರಶ್ನೆ: ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಮ್ಮ ಮಾವನವರದು ಎರಡು ಎಕರೆ ಪಾಲಿಹೌಸ್ ಇದೆ. ಹೆಚ್ಚಿನದು ಗುಲಾಬಿ, ಸ್ವಲ್ಪ ದಪ್ಪ ಮೆಣಸಿನಕಾಯಿ. ಅವರಿಗೆ ಹುಷಾರು ತಪ್ಪಿದ ಮೇಲೆ ಲೆಕ್ಕಪತ್ರ ನನ್ನ ಕೈಗೆ ಬಂದಿದೆ. ನಾನಿರುವುದು ಬೆಂಗಳೂರಿನ ಸಹಕಾರನಗರದಲ್ಲಿ, ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಊರಿನ ಐದು ಜನ ಹೆಂಗಸರು ದಿನಕ್ಕೆ 450 ರೂಪಾಯಿಗೆ ಬರುತ್ತಾರೆ, ಒಂಬತ್ತರಿಂದ ಐದೂವರೆವರೆಗೆ, ಊಟಕ್ಕೆ ಅರ್ಧ ಗಂಟೆ. ಯಾದಗಿರಿ ಕಡೆಯ ಮೂರು ಜೋಡಿಗಳಿದ್ದಾರೆ. ಗಂಡ ಹೆಂಡತಿ ಇಬ್ಬರಿಗೂ ಸೇರಿ ದಿನಕ್ಕೆ 700, ಬೆಳಿಗ್ಗೆ ಏಳರಿಂದ ಸಂಜೆ ಐದೂವರೆ, ಮಧ್ಯೆ ಒಂದು ಗಂಟೆ ಬಿಡುವು. ಒಡಿಶಾದ ನಾಲ್ಕು ಹುಡುಗರಿಗೆ ತಿಂಗಳಿಗೆ 12,000. ಅವರದು ಆರರಿಂದ ಆರು, ರಜೆ ಇಲ್ಲ. ಹೊರಗಿನವರನ್ನೆಲ್ಲ ಕರೆತಂದವನು ಒಬ್ಬನೇ ಮೇಸ್ತ್ರಿ. ಜೋಡಿಗಳಿಗೆ 40,000 ಮುಂಗಡ ಕೊಟ್ಟಿದ್ದಾನೆ, ಎಲ್ಲರ ಆಧಾರ್ ಕಾರ್ಡ್ ಅವನ ಹತ್ತಿರವೇ ಇದೆ. ಒಂದು ಜೋಡಿಯ ಒಂಬತ್ತು ವರ್ಷದ ಮಗಳು ಬಕೆಟ್ ಎತ್ತಿಕೊಡುತ್ತಿರುತ್ತಾಳೆ. ಕುಡಿಯುವ ನೀರಿನ ಡ್ರಮ್ ಎರಡಿವೆ. ಯಾಕೆ ಎಂದರೆ "ಮೊದಲಿಂದ ಹಾಗೇ" ಅನ್ನುತ್ತಾರೆ. ಕೂಲಿಯ ವ್ಯತ್ಯಾಸ ಕೇಳಿದರೆ ಮೇಸ್ತ್ರಿ "ಅವರ ಮೈ ಬಿಸಿಲಿಗೆ ಒಗ್ಗಿದ್ದು ಸಾರ್, ಅವರಿಗೆ ಅಷ್ಟೇ ಸಾಕು" ಅಂದ. ಇದು ಜನಾಂಗ ತಾರತಮ್ಯವೇ? ಜೀತವೇ? ಸರಿಮಾಡಲು ಹೋದರೆ ಎಲ್ಲರನ್ನೂ ಕರೆದುಕೊಂಡು ಹೋಗಿಬಿಟ್ಟಾನು ಎಂಬ ಭಯವೂ ಇದೆ. ಅವನ ಪುಸ್ತಕದ ಒಂದು ಪುಟದ ಫೋಟೊ ಕಳಿಸಿದ್ದೇನೆ.

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ನೀವು ಕಳಿಸಿದ ಪುಟದಿಂದಲೇ ಶುರುಮಾಡೋಣ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಪುಟದ ಎಡಗಡೆ ಹೆಸರುಗಳನ್ನು ನೋಡಿ. ಊರಿನವರಿಗೆ ಪೂರ್ತಿ ಹೆಸರಿದೆ. ಯಾದಗಿರಿಯವರ ಸಾಲಿನಲ್ಲಿ "ಮಲ್ಲಪ್ಪ ಜೋಡಿ" ಎಂದಿದೆ; ಮಲ್ಲಪ್ಪನ ಹೆಂಡತಿಯ ಹೆಸರು ಎಲ್ಲೂ ಇಲ್ಲ. ಹುಡುಗರ ಜಾಗದಲ್ಲಿ "ಒಡಿಶಾ 1, ಒಡಿಶಾ 2" ಎಂದು ನಾಲ್ಕರವರೆಗೆ. ಅದೇ ಪುಟದ ಕೆಳಗೆ ಮಲ್ಲಪ್ಪ ಜೋಡಿಯ ತಿಂಗಳ ಲೆಕ್ಕ: ಮುಂಗಡ 40,000. ನೂರಕ್ಕೆ ಮೂರರಂತೆ ಬಡ್ಡಿ 1,200. "ರಜಾ 2" ಎಂದು 1,400. "ಆಸ್ಪತ್ರೆ" 600. ವಾರಕ್ಕೆ 500ರಂತೆ ಮುರಿದದ್ದು 2,000. ಬಾಕಿ 41,200.

ಇಬ್ಬರು ಒಂದು ತಿಂಗಳು ದುಡಿದರು, ಸಾಲ 1,200 ರೂಪಾಯಿ ಏರಿತು. ಆ "ರಜಾ 2" ಅನ್ನುವುದನ್ನು ಇನ್ನೊಮ್ಮೆ ನೋಡಿ. ರಜೆ ಎರಡು ದಿನ. ಮುರಿದದ್ದು ದಿನಕ್ಕೆ 700ರಂತೆ, ಅಂದರೆ ಇಡೀ ಜೋಡಿಯ ಕೂಲಿ. ಹುಷಾರಿಲ್ಲದೆ ಮಲಗಿದ್ದು ಒಬ್ಬರೇ ಆಗಿದ್ದರೂ ಜೋಡಿ ಎಂಬ ಲೆಕ್ಕದಲ್ಲಿ ಇನ್ನೊಬ್ಬರ ದುಡಿಮೆಯೂ ಬಿದ್ದುಹೋಗುತ್ತದೆ. ಮೇಲಾಗಿ, ಆ ಎರಡು ದಿನದ ಕೂಲಿ ಬಟವಾಡೆಯಲ್ಲೂ ಸಿಕ್ಕಿಲ್ಲವಾದರೆ, ಅದೇ ಹಣವನ್ನು ಸಾಲಕ್ಕೂ ಸೇರಿಸಿದ್ದರಿಂದ ಹೊಡೆತ ಎರಡು ಸಲ ಬಿದ್ದಂತಾಯಿತು. ಬಟವಾಡೆಯ ಹಾಳೆ ತರಿಸಿ ತಾಳೆ ನೋಡಿ.

ಈಗ ಕೂಲಿಯನ್ನು ಗಂಟೆಗೆ ಇಳಿಸೋಣ. ಊರಿನವರು 8 ಗಂಟೆಗೆ 450, ಅಂದರೆ ಗಂಟೆಗೆ 56 ರೂಪಾಯಿ 25 ಪೈಸೆ. ಜೋಡಿಯಲ್ಲಿ ತಲೆಗೆ 350. ಒಂಬತ್ತೂವರೆ ಗಂಟೆ ಕೆಲಸ. ಗಂಟೆಗೆ 36 ರೂಪಾಯಿ 84 ಪೈಸೆ. ಹುಡುಗರಿಗೆ ಮಧ್ಯಾಹ್ನ ಒಂದು ಗಂಟೆ ಬಿಡುವು ಎಂದು ಹಿಡಿದರೂ ದಿನಕ್ಕೆ 11 ಗಂಟೆ, 400 ರೂಪಾಯಿ. ಗಂಟೆಗೆ 36 ರೂಪಾಯಿ 36 ಪೈಸೆ. ಇದನ್ನೇ ತಿರುಗಿಸಿ ನೋಡಿ: ಊರಿನವರ ದರದಲ್ಲಿ 12,000 ರೂಪಾಯಿಗೆ ಬರುವುದು 213 ಗಂಟೆಯ ದುಡಿಮೆ. ಹುಡುಗರು ತಿಂಗಳಿಗೆ ದುಡಿಯುತ್ತಿರುವುದು 330 ಗಂಟೆ. ಒಬ್ಬೊಬ್ಬ ಹುಡುಗ ಪ್ರತಿ ತಿಂಗಳು 116 ಗಂಟೆಗೂ ಹೆಚ್ಚು ಪುಕ್ಕಟೆ ದುಡಿಯುತ್ತಿದ್ದಾನೆ.

ಯಾದಗಿರಿ ಒಂದು ದಿಕ್ಕು, ಒಡಿಶಾ ಇನ್ನೊಂದು ದಿಕ್ಕು. ಒಬ್ಬರಿಗೆ ದಿನಗೂಲಿ, ಇನ್ನೊಬ್ಬರಿಗೆ ತಿಂಗಳ ಸಂಬಳ. ಆದರೂ ಗಂಟೆಯ ಲೆಕ್ಕದಲ್ಲಿ ಇಬ್ಬರೂ ಅರ್ಧ ರೂಪಾಯಿಯ ಅಂತರದಲ್ಲಿ ಬಂದು ನಿಂತಿದ್ದಾರೆ. ಮೈ ಯಾವುದಕ್ಕೆ ಒಗ್ಗಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಊರಿನ ಹೆಂಗಸಿಗೆ ಕೂಲಿ ಸಾಲದು ಅನ್ನಿಸಿದರೆ ನಾಳೆ ಪಕ್ಕದ ತೋಟಕ್ಕೆ ಹೋಗುತ್ತಾಳೆ, ಸಂಜೆ ಮನೆ ಸೇರುತ್ತಾಳೆ. ಇವರು ಹೋಗುವ ಹಾಗಿಲ್ಲ. ಬಿಟ್ಟು ಹೋಗಲಾಗದವರಿಗೆ ಎಷ್ಟು ಕೊಟ್ಟರೂ ನಡೆಯುತ್ತದೆ ಎಂಬ ದರ ಅದು. ನಿಮ್ಮ ತೋಟದಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ತೂಗಲು ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇವರು ನಾಳೆ ಬೆಳಿಗ್ಗೆ, ಬಾಕಿ ಹಣ ಎಣಿಸಿಕೊಂಡು, ತಮ್ಮ ಕಾಗದಪತ್ರ ಹಿಡಿದುಕೊಂಡು ಹೊರಟು ಹೋಗಬಲ್ಲರೇ?

ಜನಾಂಗ ತಾರತಮ್ಯವೇ ಎಂದು ಕೇಳಿದ್ದೀರಿ. "ಅವರ ಮೈ ಅದಕ್ಕೇ ಇರುವುದು" ಎಂಬ ಮಾತಿನ ವಂಶಾವಳಿ ದೊಡ್ಡದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೊ ಮೂಲದ ಕೂಲಿಗಳ ಕೈಗೆ ಗೇಣೆರಡು ಗೇಣು ಹಿಡಿಯ ಗುದ್ದಲಿ ಕೊಟ್ಟು ದಿನವಿಡೀ ಬಗ್ಗಿಸುತ್ತಿದ್ದರು. ಅವರು ಕುಳ್ಳಗಿದ್ದಾರೆ, ನೆಲಕ್ಕೆ ಹತ್ತಿರ, ಅವರಿಗೆ ಬಗ್ಗುವುದು ಸಲೀಸು ಎಂಬುದೇ ವಾದವಾಗಿತ್ತು. ಬೆನ್ನುಮೂಳೆ ಸವೆದವರ ಸಾಲು ಬೆಳೆದು, 1975ರಲ್ಲಿ ಆ ಗುದ್ದಲಿಯನ್ನೇ ಅಲ್ಲಿ ನಿಷೇಧಿಸಬೇಕಾಯಿತು. ಅದೇ ದೇಶದಲ್ಲಿ 1935ರ ಕಾರ್ಮಿಕ ಸಂಘಟನೆಯ ಕಾನೂನು ಮತ್ತು 1938ರ ಕನಿಷ್ಠ ವೇತನ ಕಾನೂನು ಎರಡರಿಂದಲೂ ಹೊಲದ ಕೂಲಿಗಳನ್ನು ಹೊರಗಿಟ್ಟರು. ದಕ್ಷಿಣದ ರಾಜ್ಯಗಳಲ್ಲಿ ಆ ಕೂಲಿಗಳಲ್ಲಿ ದೊಡ್ಡ ಪಾಲು ಕಪ್ಪು ಜನ. ನಮ್ಮಲ್ಲಿ ಅದೇ ಕೆಲಸವನ್ನು ಜಾತಿ, ಊರು, ಭಾಷೆ ಮೂರೂ ಸೇರಿ ಮಾಡುತ್ತವೆ. ಮೈಬಣ್ಣ, ಮುಖದ ಚಹರೆ ನೋಡಿ ಎಲ್ಲರನ್ನೂ "ಹಿಂದಿ ಹುಡುಗರು" ಎಂದು ಒಟ್ಟು ಹಾಕುವುದು, ಬಂಗಾಳಿ ಮಾತಾಡಿದರೆ "ಬಾಂಗ್ಲಾದವನು" ಅನ್ನುವುದು ಇದರದೇ ಭಾಗ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕೂಲಿಗಳ ಗುಡಿಸಲು ನೆಲಸಮವಾದದ್ದು ಇಂಥ ಗುಮಾನಿಯ ಮೇಲೆಯೇ. ಹೈಕೋರ್ಟ್ ನಡುವೆ ಬರಬೇಕಾಯಿತು. ಆ ಹಣೆಪಟ್ಟಿ ಬಿದ್ದವನು ಕೂಲಿ ಕೊಡದವನ ಮೇಲೆ ದೂರು ಕೊಡಲು ಠಾಣೆಯ ಮೆಟ್ಟಿಲು ಹತ್ತುವುದಾದರೂ ಹೇಗೆ?

ಇನ್ನು ಆ ಎರಡು ಡ್ರಮ್. ಅದನ್ನು ಈ ವಾರವೇ ಒಂದು ಮಾಡಿ. ಕೂಲಿಯ ಲೆಕ್ಕ ಸರಿಪಡಿಸಲು ವಾರಗಳು ಬೇಕು, ಇದಕ್ಕೆ ಬೇಡ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ, 1955ರ ಕಾಯ್ದೆ ಅದನ್ನು ಅಪರಾಧ ಮಾಡಿದೆ, ಮತ್ತು ಅದು ನಿಮ್ಮ ಜಮೀನಿನಲ್ಲಿ ನಡೆಯುತ್ತಿದೆ. "ಮೊದಲಿಂದ ಹಾಗೇ" ಎಂದವರಿಗೆ ಉದ್ದುದ್ದ ವಿವರಣೆ ಬೇಕಿಲ್ಲ. ಒಂದು ಡ್ರಮ್ ತೆಗೆದು, ನಲ್ಲಿಯಿರುವ ಒಂದೇ ದೊಡ್ಡ ಕ್ಯಾನ್ ಇಟ್ಟು, ಮೊದಲು ನೀವೇ ಅದರಲ್ಲಿ ನೀರು ಕುಡಿಯಿರಿ.

ಕಾನೂನಿಗೆ ಬರೋಣ. ಇಲ್ಲಿ ಹಲವರು ಎಡವುತ್ತಾರೆ, ಜೀತ ಎಂದರೆ ಕಾಲಿಗೆ ಸರಪಳಿ ಇರಬೇಕು ಎಂದುಕೊಂಡು. 1975ರ ಅಕ್ಟೋಬರ್ ತಿಂಗಳ ಸುಗ್ರೀವಾಜ್ಞೆಯಿಂದ ಬಂದು 1976ರಲ್ಲಿ ಕಾಯ್ದೆಯಾದ ಜೀತ ಪದ್ಧತಿ ರದ್ದತಿ ಕಾನೂನು ನೋಡುವುದು ಎರಡು ಸಂಗತಿ. ಮುಂಗಡವೋ ಸಾಲವೋ ಇದೆಯೇ? ಅದಕ್ಕೆ ಪ್ರತಿಯಾಗಿ ಕೂಲಿಯಿಲ್ಲದೆ ಇಲ್ಲವೇ ನಾಮಕಾವಸ್ತೆ ಕೂಲಿಗೆ ದುಡಿಯಬೇಕಾಗಿದೆಯೇ, ಅಥವಾ ಬೇರೆಡೆ ಕೆಲಸಕ್ಕೆ ಹೋಗುವ, ಬೇಕಾದಲ್ಲಿಗೆ ಓಡಾಡುವ ಹಕ್ಕು ಹೋಗಿದೆಯೇ? ಎರಡಕ್ಕೂ ಹೌದು ಎಂದಾದರೆ ಅದು ಜೀತ. ದೆಹಲಿಯ ಏಷ್ಯನ್ ಕ್ರೀಡಾಕೂಟದ (ಏಷ್ಯಾಡ್) ಕಟ್ಟಡ ಕೂಲಿಗಳ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ 23ನೇ ವಿಧಿಯಡಿ ಬಲವಂತದ ದುಡಿಮೆಯೇ ಎಂದಿದೆ. ಹಸಿವು, ಬಡತನ ಒಡ್ಡುವ ಬಲವಂತವೂ ಬಲವಂತವೇ. ಈ ವಿಧಿ ಸರ್ಕಾರಕ್ಕೆ ಮಾತ್ರವಲ್ಲ, ನಿಮ್ಮಂಥ ಖಾಸಗಿ ಮಾಲೀಕರಿಗೂ ಅನ್ವಯಿಸುತ್ತದೆ. ಮುಂಗಡ, ಏರುತ್ತಿರುವ ಬಾಕಿ, ಮೇಸ್ತ್ರಿಯ ಪೆಟ್ಟಿಗೆಯಲ್ಲಿರುವ ಆಧಾರ್ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಆ ಜೋಡಿಗಳ ಸ್ಥಿತಿ ಜೀತದ ವ್ಯಾಖ್ಯೆಯೊಳಗೆ ಬರುತ್ತದೆ ಎಂಬುದೇ ನನ್ನ ಅಭಿಪ್ರಾಯ. ತನಿಖೆ ಮಾಡಿ ಹೇಳಬೇಕಾದವರು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ.

ಆ ಕಾಯ್ದೆಯ ನಾಲ್ಕು ಕಲಂ ನಿಮಗೆ ನೇರವಾಗಿ ಸಂಬಂಧಿಸಿದವು. 6ನೇ ಕಲಂ ಪ್ರಕಾರ ಜೀತದ ಸಾಲ ತಾನಾಗಿಯೇ ಅಳಿದುಹೋಗುತ್ತದೆ. ಮನ್ನಾ ಮಾಡಲು ಮೇಸ್ತ್ರಿಯ ದೊಡ್ಡಮನಸ್ಸು ಬೇಕಿಲ್ಲ. ಹಾಗೆ ಅಳಿದ ಸಾಲಕ್ಕೆ ಆಮೇಲೆ ಹಣ ಮುರಿದುಕೊಳ್ಳುವುದೇ 9ನೇ ಕಲಂನಡಿ ಅಪರಾಧ. ವಾಸಕ್ಕೆ ಕೊಟ್ಟ ಜಾಗದಿಂದ ಅವರನ್ನು ಎಬ್ಬಿಸುವಂತಿಲ್ಲ ಎನ್ನುತ್ತದೆ 8ನೇ ಕಲಂ. ಜೀತವಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು, 15ನೇ ಕಲಂ. ದುಡಿಸಿದರೆ ಮೂರು ವರ್ಷದವರೆಗೆ ಸಜೆ. ದುಡಿಯುವವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ದುಡಿಸುವವರು ಅಲ್ಲವಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಸೇರಿಕೊಳ್ಳುತ್ತದೆ. ಅಲ್ಲಿ ಆರು ತಿಂಗಳಿಂದ ಐದು ವರ್ಷ.

ಕೂಲಿಯ ಕಾನೂನು ಈಚೆಗೆ ಬದಲಾಗಿದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. 1948ರ ಕನಿಷ್ಠ ವೇತನ ಕಾಯ್ದೆ ಅದರೊಳಗೆ ಸೇರಿಹೋಯಿತು. ಇದರಲ್ಲಿ ಒಂದು ದೊಡ್ಡ ಕೊರತೆ ಇದೆ, ತಿಳಿದಿರಲಿ. ಒಂದೇ ಕೆಲಸಕ್ಕೆ ಬೇರೆ ಬೇರೆ ಕೂಲಿ ಕೊಡಬಾರದು ಎನ್ನುವ 3ನೇ ಕಲಂ ಹೆಣ್ಣು ಗಂಡಿನ ಭೇದವನ್ನು ಮಾತ್ರ ಹೇಳುತ್ತದೆ; ಊರು, ಭಾಷೆ, ಜಾತಿಯ ಹೆಸರು ಅದರಲ್ಲಿಲ್ಲ. ಹಾಗಾಗಿ ಒಡಿಶಾದ ಹುಡುಗ "ಊರಿನವರಿಗೆ ಕೊಟ್ಟಷ್ಟು ನನಗೂ ಕೊಡಿ" ಎಂದು ಆ ಕಲಂ ಹಿಡಿದು ಕೇಳಲಾರ. ಅವನಿಗೆ ಆಸರೆ ಕನಿಷ್ಠ ಕೂಲಿ ಮತ್ತು ಗಂಟೆಯ ಲೆಕ್ಕ. ಹೆಚ್ಚುವರಿ ದುಡಿಮೆಗೆ ಕೇಂದ್ರದ ಹಳೆಯ ನಿಯಮಗಳಲ್ಲಿ ಕೃಷಿಗೆ ಒಂದೂವರೆ ಪಟ್ಟು ಇತ್ತು, ಮಿಕ್ಕ ಉದ್ಯೋಗಗಳಿಗೆ ದುಪ್ಪಟ್ಟು. ಸಂಹಿತೆಯ 14ನೇ ಕಲಂ ದುಪ್ಪಟ್ಟಿಗಿಂತ ಕಡಿಮೆ ಕೂಡದು ಎನ್ನುತ್ತದೆ. ಬಾಕಿ ಕೂಲಿಗೆ ಮೂರು ವರ್ಷದವರೆಗೆ ಅರ್ಜಿ ಹಾಕಬಹುದು, ಮೊದಲು ಆರೇ ತಿಂಗಳಿತ್ತು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಮುಖ್ಯವಾಗಿ, ಕೂಲಿ ಕೊಟ್ಟಿದ್ದೇನೆ ಎಂದು ತೋರಿಸುವ ಹೊಣೆ ಮಾಲೀಕನದು. "ಒಡಿಶಾ 3" ಎಂದು ಬರೆದ ಪುಸ್ತಕ ಅದಕ್ಕೆ ಸಾಕ್ಷಿಯಾಗದು.

ಈ ಸಾಲಿನ ಕನಿಷ್ಠ ಕೂಲಿ ಎಷ್ಟು ಎಂಬುದನ್ನು ಕಾರ್ಮಿಕ ಇಲಾಖೆಯ ಪಟ್ಟಿಯಲ್ಲೇ ನೋಡಿ. ಮೂಲ ಕೂಲಿಗೆ ತುಟ್ಟಿಭತ್ಯೆ ಸೇರಿಸಿ ಓದಬೇಕು. ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಹೋದ ವರ್ಷದ ಹಾಳೆ ಹಿಡಿದುಕೊಂಡು ತಪ್ಪುವವರು ಬಹಳ. ಹೋಲಿಕೆಗೆ ಒಂದು ಅಂಕಿ ಕೊಡುತ್ತೇನೆ: 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನಿಮ್ಮ ತೋಟದಲ್ಲಿ ಮಲ್ಲಪ್ಪನ ಹೆಂಡತಿಗೆ ಬೀಳುತ್ತಿರುವುದು 350. ತಮ್ಮೂರಿನಲ್ಲೇ ಸಿಗುವುದಕ್ಕಿಂತ ಕಡಿಮೆಗೆ ಸುಮಾರು ಐನೂರು ಕಿಲೋಮೀಟರ್ ದಾಟಿ ಗುಳೆ ಬರುವುದೇಕೆ? ಖಾತ್ರಿ ಕೆಲಸ ಆಗ ಮನೆಗೆ ವರ್ಷಕ್ಕೆ ನೂರು ದಿನದ್ದಾಗಿತ್ತು, ಹಣ ಕೈಸೇರುವುದೂ ತಡವಾಗುತ್ತಿತ್ತು. ಮಗಳ ಮದುವೆಗೋ ಆಸ್ಪತ್ರೆಗೋ ಕೈಸಾಲ ತೀರಿಸುವುದಕ್ಕೋ ಒಂದೇ ಕಂತಿನಲ್ಲಿ 40,000 ಕೊಡುವವನು ಮೇಸ್ತ್ರಿ ಮಾತ್ರ. ಅವರು ಬಂದಿರುವುದು ಕೂಲಿಗಲ್ಲ, ಮುಂಗಡಕ್ಕೆ. ಇದನ್ನು ಮರೆತು ಮಾಡುವ ಯಾವ ಸುಧಾರಣೆಯೂ ಉಳಿಯುವುದಿಲ್ಲ.

ವಲಸೆ ಕಾರ್ಮಿಕರ ಕಾನೂನು ಇದೆಯಲ್ಲ ಎನ್ನುತ್ತೀರಿ. 1979ರ ಕಾಯ್ದೆ ಐದು ಮತ್ತು ಹೆಚ್ಚು ಅಂತರರಾಜ್ಯ ಕೂಲಿಗಳಿದ್ದರೆ ಅನ್ವಯಿಸುತ್ತಿತ್ತು; ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯದ ಸಂಹಿತೆ ಅದನ್ನು ಹತ್ತಕ್ಕೆ ಏರಿಸಿದೆ. ನಿಮ್ಮಲ್ಲಿ ನಾಲ್ವರು. ಯಾದಗಿರಿಯವರಿಗಂತೂ ಅದು ಮೊದಲಿನಿಂದಲೂ ಇಲ್ಲ, ಅವರು ರಾಜ್ಯದ ಗಡಿ ದಾಟಿಲ್ಲ. ಪಕ್ಕದಲ್ಲೇ ಇರುವ ಆಂಧ್ರದ ಹಿಂದೂಪುರದಿಂದ ಬಂದವಳು ಕಾನೂನಿನ ಕಣ್ಣಿಗೆ ವಲಸೆ ಕೂಲಿ, ಯಾದಗಿರಿಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವಳು ಅಲ್ಲ! ಆದರೆ ಮೇಸ್ತ್ರಿ ಬೇರೆ ತೋಟಗಳಿಗೂ ಹುಡುಗರನ್ನು ಕಳಿಸಿದ್ದರೆ ಗುತ್ತಿಗೆದಾರನಾಗಿ ಅವನ ಒಟ್ಟು ಲೆಕ್ಕ ಬೇರೆಯಾಗುತ್ತದೆ. ಕೇಳಿ ತಿಳಿದುಕೊಳ್ಳಿ.

ಈಗ ಮಾಡಬೇಕಾದ್ದು. ಎಲ್ಲಕ್ಕಿಂತ ಮೊದಲು ಮಾಡಬಾರದ್ದೊಂದನ್ನು ಹೇಳಿಬಿಡುತ್ತೇನೆ: ಹೆದರಿ ರಾತ್ರೋರಾತ್ರಿ ಅವರನ್ನು ಬಸ್ಸು ಹತ್ತಿಸಬೇಡಿ. ತೊಂದರೆ ತಪ್ಪಿತು ಎಂದು ಮಾಲೀಕರು ಹೀಗೆ ಮಾಡುವುದುಂಟು. ಅವರಿಗೆ ಬರಬೇಕಾದ ಬಾಕಿಯೂ ಹೋಗುತ್ತದೆ, ಜೀತ ವಿಮುಕ್ತಿಯ ಬಿಡುಗಡೆ ಪತ್ರವೂ ಸಿಗುವುದಿಲ್ಲ. ಆ ಪತ್ರದ ಮೇಲೆ ನಿಂತಿದೆ ಕೇಂದ್ರದ ಪುನರ್ವಸತಿ ಯೋಜನೆ: ತಕ್ಷಣದ ನೆರವು 30,000 ರೂಪಾಯಿವರೆಗೆ, ಆಮೇಲೆ ವಯಸ್ಕ ಗಂಡಸಿಗೆ ಒಂದು ಲಕ್ಷ, ಹೆಂಗಸರು ಮಕ್ಕಳಿಗೆ ಎರಡು ಲಕ್ಷ, ತೀರಾ ಘೋರ ಪ್ರಕರಣಗಳಲ್ಲಿ ಮೂರು ಲಕ್ಷ. ಪತ್ರವಿಲ್ಲದೆ ಊರಿಗೆ ಹೋದವರನ್ನು ಅದೇ ಮೇಸ್ತ್ರಿ ಅದೇ ಬಾಕಿ ಹೇಳಿ ಮತ್ತೆ ಇನ್ನೊಂದು ತೋಟಕ್ಕೆ ಎಳೆಯುತ್ತಾನೆ.

ಮೊದಲ ದಿನದ ಕೆಲಸ ಮಾತುಕತೆ, ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ. ಹೆಂಗಸರ ಜೊತೆ ಮನೆಯ ಹೆಂಗಸೊಬ್ಬರು ಬೇರೆಯಾಗಿ ಮಾತಾಡಲಿ, ಗಂಡನೆದುರು ಬಾಯಿಬಿಡದ ವಿಷಯಗಳಿರುತ್ತವೆ. ಹುಡುಗರಿಗೆ ಹಿಂದಿ ಅಷ್ಟಕ್ಕಷ್ಟೇ ಇರಬಹುದು. ಒಡಿಯಾ ಬಲ್ಲವರು ಬೆಂಗಳೂರಿನಲ್ಲಿ ಸಿಗುತ್ತಾರೆ, ಒಬ್ಬರನ್ನು ಕರೆದೊಯ್ಯಿರಿ ಅಥವಾ ಫೋನಿನಲ್ಲಿ ಕೂರಿಸಿ. ಮೇಸ್ತ್ರಿಯ ಕಡೆಯವನನ್ನು ದುಭಾಷಿಯಾಗಿಸಬೇಡಿ. ಕೇಳಬೇಕಾದ್ದು ಇಷ್ಟು: ಪೂರ್ತಿ ಹೆಸರು, ಬಂದ ದಿನ, ಕೈಗೆ ಸಿಕ್ಕ ಮುಂಗಡ, ಇಲ್ಲಿವರೆಗೆ ಕೈಗೆ ಬಂದ ಕೂಲಿ, ಕೊನೆಯ ಸಲ ಊರಿಗೆ ಹೋದದ್ದು, ಕಾಗದಪತ್ರ ಯಾರ ಹತ್ತಿರ. ನೀವು ಕೊಟ್ಟದ್ದಕ್ಕೂ ಅವರಿಗೆ ಮುಟ್ಟಿದ್ದಕ್ಕೂ ನಡುವಿನ ಅಂತರ ಅಲ್ಲೇ ಬಯಲಾಗುತ್ತದೆ. ಅದೇ ದಿನ ಆಧಾರ್, ಪಾಸ್‌ಪುಸ್ತಕ, ಎಟಿಎಂ ಕಾರ್ಡು ಎಲ್ಲವೂ ಅವರವರ ಕೈ ಸೇರಬೇಕು. "ಕಳೆದು ಹಾಕ್ತಾರೆ ಸಾರ್" ಎಂಬ ನೆಪಕ್ಕೆ ಒಪ್ಪಬೇಡಿ; ಬೀಗವಿರುವ ಒಂದೊಂದು ಪೆಟ್ಟಿಗೆ ಕೊಡಿಸಿ. ಮೇಸ್ತ್ರಿಯ ಪುಸ್ತಕದ ಎಲ್ಲ ಪುಟಗಳ ಫೋಟೊ ತೆಗೆದಿಡಿ. ಹಣ ಮುರಿಯುವುದನ್ನು ಅಂದಿನಿಂದಲೇ ನಿಲ್ಲಿಸಿ.

ಮುಂದಿನದು ಕಷ್ಟದ ಹೆಜ್ಜೆ. ದೊಡ್ಡಬಳ್ಳಾಪುರದ ಉಪವಿಭಾಗಾಧಿಕಾರಿಗೆ ನೀವೇ ಲಿಖಿತವಾಗಿ ತಿಳಿಸಿ, ತನಿಖೆಗೆ ಸಹಕರಿಸಿ. ನಿಮ್ಮ ಕುಟುಂಬದ ಮೇಲೂ ಹೊಣೆ ಬರಬಹುದು, ಅದನ್ನು ಮುಚ್ಚಿಟ್ಟು ಸಲಹೆ ಕೊಡುವುದು ಸರಿಯಲ್ಲ. ಒಬ್ಬ ವಕೀಲರನ್ನು ಕಂಡುಕೊಂಡೇ ಹೋಗಿ. ಆದರೆ ಕೂಲಿಗಳ ವಕೀಲರು ಬೇರೆ ಇರಲಿ, ನಿಮ್ಮವರೇ ಬೇಡ. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿದರೆ ಅವರಿಗೆ ಉಚಿತ ನೆರವು ಸಿಗುತ್ತದೆ. ಆನೇಕಲ್ ಕಡೆ ಶುರುವಾಗಿ ರಾಜ್ಯದ ಹಲವೆಡೆ ಜೀತದಾಳುಗಳ ನಡುವೆ ದುಡಿದಿರುವ ಜೀವಿಕದಂಥ ಸಂಘಟನೆಗೆ ಈ ವಿಚಾರಣೆಗಳ ಒಳಹೊರಗು ಗೊತ್ತಿದೆ.

ಕೂಲಿಗೆ ಒಂದೇ ಸೂತ್ರ: ದರ ಕೆಲಸಕ್ಕೆ, ಆಳಿಗಲ್ಲ. ಊರಿನವರಿಗೆ ಕೊಡುವ ದರವೇ ಎಲ್ಲರಿಗೂ, ತಲೆಗೊಂದು ಸಾಲು, ಹೆಂಗಸಿಗೆ ಅವಳದೇ ಖಾತೆ. "ಜೋಡಿ" ಎಂಬ ಪದವನ್ನೇ ಪುಸ್ತಕದಿಂದ ತೆಗೆದುಹಾಕಿ. ಹುಡುಗರ ದಿನವನ್ನು 11 ಗಂಟೆಯಲ್ಲೇ ಇಟ್ಟುಕೊಂಡರೆ 8 ಗಂಟೆಗೆ 450, ಮೇಲಿನ ಮೂರು ಗಂಟೆಗೆ ದುಪ್ಪಟ್ಟಿನಂತೆ 337 ರೂಪಾಯಿ 50 ಪೈಸೆ, ಒಟ್ಟು ದಿನಕ್ಕೆ 787 ರೂಪಾಯಿ 50 ಪೈಸೆ. ಅದು ಭಾರವೆನಿಸಿದರೆ ಕೂಲಿ ಕತ್ತರಿಸಬೇಡಿ, ಗಂಟೆ ಕತ್ತರಿಸಿ. ಗುಲಾಬಿ ಕಟಾವು ಹೇಗೂ ಬೆಳಗಿನ ತಂಪಿನಲ್ಲಿ ಮುಗಿಯಬೇಕು. ಪಾಲಿಹೌಸಿನೊಳಗೆ ಹನ್ನೊಂದರ ಮೇಲೆ ಆಗುವ ಕೆಲಸ ಕಡಿಮೆ, ಬಳಲಿಕೆ ಹೆಚ್ಚು. ಆರರಿಂದ ಒಂದು ಪಾಳಿ, ಒಂಬತ್ತರಿಂದ ಇನ್ನೊಂದು ಪಾಳಿ ಮಾಡಿದರೆ ಯಾರೂ 8 ಗಂಟೆ ದಾಟುವುದಿಲ್ಲ. ವಾರಕ್ಕೊಂದು ರಜೆ ಸರದಿಯ ಮೇಲೆ ಕೊಡಿ. ಬಟವಾಡೆ ವಾರದ್ದಾದರೆ ವಾರದ ಕಡೆಯ ಕೆಲಸದ ದಿನವೇ, ತಿಂಗಳದ್ದಾದರೆ ಮುಂದಿನ ತಿಂಗಳ ಏಳರೊಳಗೆ ಆಗಬೇಕು. ಬಿಟ್ಟು ಹೋಗುವವರಿಗೆ ಎರಡು ಕೆಲಸದ ದಿನದೊಳಗೆ ಪೂರ್ತಿ ಚುಕ್ತಾ.

ಇದರಲ್ಲಿ ಕೆಡುವುದು ಎಲ್ಲಿ ಎಂದರೆ, ಖಾತೆ ತೆರೆದು ಹಣ ಹಾಕುತ್ತಾರೆ, ಎಟಿಎಂ ಕಾರ್ಡೂ ಗುಪ್ತಸಂಖ್ಯೆಯೂ ಮೇಸ್ತ್ರಿಯ ಜೇಬಿನಲ್ಲೇ ಉಳಿಯುತ್ತವೆ. ಅಥವಾ ಕೂಲಿ ಏರಿಸಿ, ಶೆಡ್ಡಿನ ಬಾಡಿಗೆ, ಕರೆಂಟು, ಅಕ್ಕಿ ಎಂದು ಅಷ್ಟನ್ನೂ ಮುರಿಯುತ್ತಾರೆ. ತಿಂಗಳಿಗೊಮ್ಮೆ ಪ್ರತಿಯೊಬ್ಬರಿಗೂ ಕೂಲಿ ಚೀಟಿ ಕೊಟ್ಟು, ಎಷ್ಟು ಜಮಾ ಆಯಿತು, ಕೈಗೆ ಎಷ್ಟು ಬಂತು ಎಂದು ಎದುರೇ ಕೇಳುವುದೊಂದೇ ದಾರಿ. ಊರಿನ ಹೆಂಗಸರು "ನಿನ್ನೆ ಬಂದವರಿಗೆ ನಮ್ಮಷ್ಟೇ ಕೂಲಿಯಾ?" ಎಂದು ಮುನಿಸಿಕೊಳ್ಳಬಹುದು. 36 ರೂಪಾಯಿಗೆ ದುಡಿಯುವವರು ಪಕ್ಕದಲ್ಲಿರುವವರೆಗೆ ಅವರ 56 ರೂಪಾಯಿಯೂ ಏರುವುದಿಲ್ಲ ಎಂಬುದನ್ನು ಲೆಕ್ಕ ಹಾಕಿ ತೋರಿಸಿ. ಮಾರುಕಟ್ಟೆಯ ದರ ಬಲ್ಲವರು ಅವರು, ಬೇಗ ಅರ್ಥವಾಗುತ್ತದೆ.

ಮುಂಗಡವನ್ನೇ ನಿಲ್ಲಿಸಿದರೆ ಅವರು ಇನ್ನೊಬ್ಬ ಮೇಸ್ತ್ರಿಯ ಬಳಿ ಹೋಗುತ್ತಾರೆ. ಮುಂಗಡ ಕೊಡುವುದು ತಪ್ಪಲ್ಲ. ಅದಕ್ಕೆ ಆಳನ್ನು ಕಟ್ಟಿಹಾಕುವುದು ತಪ್ಪು. ನೀವೇ ನೇರವಾಗಿ, ಬಡ್ಡಿಯಿಲ್ಲದೆ, ಒಬ್ಬೊಬ್ಬರ ಹೆಸರಿಗೆ ಕೊಡಿ. ಎರಡು ಮೂರು ವಾರದ ಕೂಲಿ ಮೀರದಿರಲಿ, ಕಂತು ಕೂಲಿಯ ಹತ್ತರಲ್ಲಿ ಒಂದು ಪಾಲಿರಲಿ. ಕಾನೂನು ಎಲ್ಲ ಕಡಿತ ಸೇರಿ ಅರ್ಧದವರೆಗೆ ಬಿಡುತ್ತದೆ, ಆದರೆ ಅರ್ಧ ಮುರಿದರೆ ಉಣ್ಣಲು ಮತ್ತೆ ಸಾಲ ಮಾಡಬೇಕಾಗುತ್ತದೆ. ಕಾಗದದಲ್ಲಿ ಒಂದು ಸಾಲು ಸ್ಪಷ್ಟವಾಗಿರಲಿ: ಬಾಕಿ ಇದ್ದರೂ ಕೆಲಸ ಬಿಡಬಹುದು. ಕೆಲವರು ಬಾಕಿ ಉಳಿಸಿ ಹೋಗುತ್ತಾರೆ. ಅದನ್ನು ವ್ಯವಹಾರದ ನಷ್ಟವೆಂದು ಬರೆದುಕೊಳ್ಳಿ.

ಮೇಸ್ತ್ರಿಯನ್ನು ಏಕಾಏಕಿ ಓಡಿಸುವುದೂ ನಡೆಯುವ ಮಾತಲ್ಲ. ಅರ್ಧ ರಾತ್ರಿ ಜ್ವರ ಬಂದವನನ್ನು ಆಸ್ಪತ್ರೆಗೆ ಹೊತ್ತವನೂ ಅವನೇ ಇರಬಹುದು. ಆಳು ತಂದುಕೊಟ್ಟದ್ದಕ್ಕೆ ಅವನಿಗೆ ಸಲ್ಲಬೇಕಾದದ್ದನ್ನು ನಿಮ್ಮ ಜೇಬಿನಿಂದ, ರಸೀತಿಯ ಮೇಲೆ ಕೊಡಿ. ಕೂಲಿಯ ಹಣ ಅವನ ಕೈ ದಾಟಿ ಹೋಗಬಾರದು. ಎಲ್ಲ ದೇಶಗಳಲ್ಲೂ ಗಂಟು ಬಿದ್ದಿರುವುದು ಇಲ್ಲೇ. 2004ರ ಫೆಬ್ರವರಿ 5ರಂದು ಇಂಗ್ಲೆಂಡಿನ ಮೋರ್ಕಮ್ ಕೊಲ್ಲಿಯಲ್ಲಿ ಚಿಪ್ಪುಮೀನು ಆಯುತ್ತಿದ್ದ ಕನಿಷ್ಠ 21 ಚೀನೀ ಕೂಲಿಗಳು ಭರತದ ನೀರಿಗೆ ಸಿಕ್ಕಿ ಸತ್ತ ಮೇಲೆ ಅಲ್ಲಿ ಮೇಸ್ತ್ರಿಗಳಿಗೆ ಪರವಾನಗಿ ಕಡ್ಡಾಯ ಮಾಡಿದರು. ಇಟಲಿ 2016ರ ಕಾನೂನಿನಲ್ಲಿ ಮಧ್ಯವರ್ತಿಯ ಜೊತೆ ತೋಟದ ಮಾಲೀಕನನ್ನೂ ಶಿಕ್ಷೆಗೆ ಗುರಿ ಮಾಡಿತು. "ನನಗೆ ಗೊತ್ತಿಲ್ಲ, ಎಲ್ಲ ಮೇಸ್ತ್ರಿ ನೋಡಿಕೊಳ್ತಾನೆ" ಎಂಬ ಮಾತಿಗೆ ಅಲ್ಲಿ ಈಗ ಬೆಲೆಯಿಲ್ಲ.

ಕೆಲಸದ ಹಂಚಿಕೆಯನ್ನೂ ನೋಡಿ. ಯಾರು ನೆರಳಿನಲ್ಲಿ ಕೂತು ಗುಲಾಬಿಯನ್ನು ಇಪ್ಪತ್ತರ ಕಟ್ಟು ಮಾಡುತ್ತಾರೆ, ಯಾರು ಔಷಧಿ ಹೊಡೆಯುತ್ತಾರೆ? ಔಷಧಿಯ ಪಂಪು ಸದಾ ಅದೇ ನಾಲ್ಕು ಬೆನ್ನಿನ ಮೇಲಿದ್ದರೆ ಅದೂ ಕೂಲಿಯಷ್ಟೇ ದೊಡ್ಡ ತಾರತಮ್ಯ. ಮುಚ್ಚಿದ ಪಾಲಿಹೌಸಿನಲ್ಲಿ ಆವಿ ಹೊರಹೋಗಲು ದಾರಿಯಿಲ್ಲ. ಡಬ್ಬಿಯ ತ್ರಿಕೋನ ಕೆಂಪಿದ್ದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು; ಒಡಿಯಾ ಬಿಟ್ಟು ಬೇರೆ ಓದಲಾರದವನಿಗೂ ಬಣ್ಣ ಗೊತ್ತಾಗುತ್ತದೆ, ಅದನ್ನು ಕಲಿಸಿ. ಕೆಂಪು ತ್ರಿಕೋನದ್ದನ್ನು ಪಾಲಿಹೌಸಿಗೆ ತರಲೇಬೇಡಿ. ಕೈಗವಸು, ಕಣ್ಣಿನ ಕನ್ನಡಕ, ಫಿಲ್ಟರ್ ಇರುವ ಮಾಸ್ಕು, ರಬ್ಬರ್ ಬೂಟು ಬೇಕು. ಮುಖಕ್ಕೆ ಕಟ್ಟಿದ ಟವೆಲು ಔಷಧಿ ಹೀರಿಕೊಂಡು ಮೂಗಿಗೇ ಒತ್ತುತ್ತದೆ. ಹೊಡೆದ ಮೇಲೆ ಪಕ್ಕದ ಪರದೆ ಎತ್ತಿ ಗಾಳಿಯಾಡಿಸಿ, ಲೇಬಲ್ಲಿನಲ್ಲಿ ಹೇಳಿದ ಅವಧಿ ಮುಗಿಯುವವರೆಗೆ, ಹೇಳಿಲ್ಲದಿದ್ದರೆ ಕನಿಷ್ಠ ಒಂದು ದಿನ, ಯಾರೂ ಒಳಗೆ ಹೋಗಬಾರದು. ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಕಣ್ಣಿನ ಪಾಪೆ ಚಿಕ್ಕದಾಗುವುದು ಕಂಡರೆ ಮಜ್ಜಿಗೆ ಕುಡಿಸುತ್ತಾ ಕೂರದೆ ಬಟ್ಟೆ ಕಳಚಿ, ಮೈ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಿರಿ. ಮಲಗುವ ಶೆಡ್ಡಿನ ಮೂಲೆಯಲ್ಲಿ ಔಷಧಿಯ ಡಬ್ಬಿ, ಗೊಬ್ಬರದ ಚೀಲ ಇದ್ದರೆ ಇವತ್ತೇ ತೆಗೆಸಿ.

ಆ ಒಂಬತ್ತು ವರ್ಷದ ಮಗು ಬಕೆಟ್ ಎತ್ತುವಂತಿಲ್ಲ. ಅಪ್ಪ ಅಮ್ಮ ಕೂಲಿ ಮಾಡುವ ಜಾಗ "ಸ್ವಂತ ಕುಟುಂಬದ ಕಸುಬು" ಆಗುವುದಿಲ್ಲ, ಹಾಗಾಗಿ ಆ ವಿನಾಯಿತಿ ನಿಮಗಿಲ್ಲ; ಹದಿನಾಲ್ಕರೊಳಗಿನ ಮಗುವನ್ನು ದುಡಿಸಿದರೆ ಆರು ತಿಂಗಳಿಂದ ಎರಡು ವರ್ಷ ಸಜೆ ಅಥವಾ 20,000ದಿಂದ 50,000 ದಂಡ, ಕೆಲವೊಮ್ಮೆ ಎರಡೂ. ವರ್ಗಾವಣೆ ಪತ್ರ ಇಲ್ಲ ಎಂದು ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ವರ್ಷದ ನಡುವೆಯೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಮುಖ್ಯೋಪಾಧ್ಯಾಯರ ಬಳಿ ಅಪ್ಪ ಅಮ್ಮನ ಜೊತೆ ನೀವೂ ಹೋಗಿ, ಊರಿನವರೊಬ್ಬರು ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ. ರೇಷನ್ ಕಾರ್ಡು ಯಾದಗಿರಿಯದ್ದಾದರೂ ಒಡಿಶಾದ್ದಾದರೂ ಹೆಬ್ಬೆರಳು ಒತ್ತಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಪಡೆಯಬಹುದು; ಆಧಾರ್ ಕೈಲಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. 16ರಿಂದ 59 ವಯಸ್ಸಿನವರನ್ನು ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ನಡೆಸುವ ಇ-ಶ್ರಮ್‌ನಲ್ಲಿ ನೋಂದಾಯಿಸಿ.

ಕಡೆಗೆ ನಿಮ್ಮ ಭಯ. ಮೇಸ್ತ್ರಿ ಬೆದರಿಸುವುದು ಸಾಮಾನ್ಯವಾಗಿ ಜನವರಿ ಕೊನೆಯಲ್ಲಿ, ಫೆಬ್ರವರಿ 14ರ ಗುಲಾಬಿಗೆ ಹೆಬ್ಬಾಳದ ಹರಾಜು ಕೇಂದ್ರದಲ್ಲಿ ಬೆಲೆ ಏರುವ ಹೊತ್ತಿನಲ್ಲಿ. ಆಗ ಕೈಕಟ್ಟಿದಂತಾಗಿ ಎಲ್ಲದಕ್ಕೂ ಒಪ್ಪಿಕೊಳ್ಳುತ್ತೀರಿ. ಈ ಬದಲಾವಣೆಗಳನ್ನು ಕಟಾವು ಕಡಿಮೆಯಿರುವ ತಿಂಗಳಲ್ಲಿ ಮುಗಿಸಿ. ಆಧಾರ್ ಕೈಲಿದ್ದು, ಖಾತೆ ತಮ್ಮದೇ ಆಗಿ, ಸಾಲ ತೀರಿದೆ ಎಂಬ ಅಧಿಕಾರಿಯ ಪತ್ರ ಇರುವವರನ್ನು ಮೇಸ್ತ್ರಿ ಎಳೆದೊಯ್ಯುವುದು ಕಷ್ಟ. ಆದರೂ ಕೆಲವರು ಹೋಗಬಹುದು, ಹೋಗಲಿ. ಹೋಗುವ ಮೊದಲು ಬಾಕಿ ಎಣಿಸಿ ಕೊಡಿ. ಅವನು ಹೊಡೆಯುವ, ಕೂಡಿಹಾಕುವ ಮಾತಾಡಿದರೆ 112. ಕೂಲಿಯ ತಕರಾರಿಗೆ ಕಾರ್ಮಿಕ ಸಹಾಯವಾಣಿ 155214, ಜಾತಿಯ ದೌರ್ಜನ್ಯಕ್ಕೆ 14566, ಮಕ್ಕಳ ವಿಷಯಕ್ಕೆ 1098. ಈ ಸಂಖ್ಯೆಗಳನ್ನು ಕನ್ನಡದಲ್ಲೂ ಒಡಿಯಾದಲ್ಲೂ ದೊಡ್ಡದಾಗಿ ಬರೆಸಿ, ನೀರಿನ ಕ್ಯಾನ್ ಇಡುವ ಜಾಗದ ಗೋಡೆಗೆ ಅಂಟಿಸಿ. ನಿಮ್ಮ ಮೇಲೆಯೇ ದೂರು ಕೊಡಬೇಕಾಗಿ ಬಂದರೂ ಅವರಿಗೆ ಅದು ಕಾಣುವಂತಿರಲಿ.